ನಿದ್ದೆಗಣ್ಣಿನ ತಿಂಡಿ

ಗಂಜಿ ಬಟ್ಟಲಿನ ಮೇಲೆ ಒಂದು ತಟ್ಟೆ ಮುಚ್ಚಿತ್ತು, ತಟ್ಟೆಯ ಮೇಲೆ ಒಂದು ಚೀಟಿ ಇತ್ತು. ಕೊಡೆ ಸಾಹೇಬರ ಆ ದಿನದ ಫಜೀತಿಯೆಲ್ಲ ಹೊರಟದ್ದು ಆ ಚೀಟಿಯಿಂದ.

“ನಾಳೆ ಬೆಳಗ್ಗೆ ಆರಕ್ಕೆ ಮೇಟ್ರನ್ ನಮ್ಮನೆಗೆ ತಿಂಡಿಗೆ ಬರ್ತಾರೆ. ಒಂಬತ್ತು ಗಂಟೆ ಡ್ಯೂಟಿ ನನಗೋ ಇನ್ನೊಬ್ಬಳಿಗೋ ಅಂತ ನಾಳೆಯೇ ಹೇಳ್ತಾರಂತೆ. ನೀವು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಅಷ್ಟು ಸಾಕು. ಯಾವ ಯೋಚನೆಯೂ ಇಟ್ಕೋಬೇಡಿ.”

ಹೆಂಡತಿಯ ಅಕ್ಷರ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು. ಅಲ್ಲಿಯವರೆಗೆ ಸಾಹೇಬರ ತಲೆಯಲ್ಲಿ ಯೋಚನೆ ಎಂಬುದು ಲವಲೇಶವೂ ಇರಲಿಲ್ಲ. ಆ ಎರಡು ಗೆರೆ ನೋಡಿದ ಮೇಲೆ ಚಮಚ ಬಾಯಿಗೆ ಹೋಗದೆ ಗಲ್ಲಕ್ಕೆ ತಾಗಿತು.

ಕೊಡೆ ಸಾಹೇಬರು ಹೆಸರಿಗಷ್ಟೇ ಸಾಹೇಬರು. ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ಸಾಮಾನುಗಳ ಕಚೇರಿ ಎಂದು ಒಂದಿದೆಯಲ್ಲ, ಅದರ ಗುಮಾಸ್ತರು. ಜನ ರೈಲಿನಲ್ಲಿ ಮರೆತು ಇಳಿದ ಕೊಡೆ, ಕನ್ನಡಕ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಪೂರಾ ಹಲ್ಲುಸೆಟ್ಟು, ಎಲ್ಲಕ್ಕೂ ನಂಬರಿನ ಚೀಟಿ ಕಟ್ಟಿ ಕಪಾಟಿನಲ್ಲಿ ಇಡುವುದು ಅವರ ಕೆಲಸ. ನಾಲ್ಕು ಸಾವಿರ ಕೊಡೆಗಳ ನಡುವೆ ಯಾವುದನ್ನು ಕೇಳಿದರೂ ಅರ್ಧ ನಿಮಿಷದಲ್ಲಿ ಎಳೆದುಕೊಡುವ ಮನುಷ್ಯ. ಆದರೆ ತಮ್ಮ ಮನೆಯ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದು ಎಂಬುದು ಹದಿನೇಳು ವರ್ಷವಾದರೂ ಅವರಿಗೆ ತಿಳಿದಿರಲಿಲ್ಲ.

ಮನೆ ಪುಟ್ಟದು, ಗಡಿಬಿಡಿ ದೊಡ್ಡದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆ ಆರೂವರೆಗೆ ಮನೆ ಬಿಡಬೇಕು. ದೊಡ್ಡ ಮಗಳಿಗೆ ಈಜುಕೊಳ, ಅಲ್ಲಿಂದ ಕಾಲೇಜು. ಚಿಕ್ಕವಳಿಗೆ ಸ್ಕೂಲ್ ವ್ಯಾನು. ಹೆಂಡತಿಯ ತಾಯಿ ಅದೇ ಮನೆಯಲ್ಲಿದ್ದು ಬೀದಿಯ ಕೊನೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಅವರ ಮೊದಲ ಬ್ಯಾಚು ಏಳಕ್ಕೆ. ಬೆಳಗಿನ ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಬಚ್ಚಲಮನೆಯ ಬಾಗಿಲಲ್ಲಿ ಮಾತ್ರ. ತಿಂಡಿ ಎಂದರೆ ಬೇಕರಿ ಬನ್ನು. ಅದನ್ನೂ ರಸ್ತೆಯಲ್ಲಿ ಓಡುತ್ತ ಅಗಿಯುವುದು.

ಒಂದು ದಿನ ದೊಡ್ಡವಳು ಖಾಲಿ ಹೊಟ್ಟೆಯಲ್ಲಿ ಈಜಲು ಹೋಗಿ ತಲೆಸುತ್ತು ಬಂದು, ಒದ್ದೆ ಟವೆಲ್ಲಿನ ಹಾಗೆ ದಡಕ್ಕೆ ಎಳೆಸಿಕೊಂಡಳು. ಅವತ್ತೇ ಹೆಂಡತಿ ಹುಕುಂ ಹೊರಡಿಸಿದಳು. ಇನ್ನು ಮೇಲೆ ಬನ್ನು ಬಂದ್. ಮನೆಯಲ್ಲೇ ಮಾಡಿದ, ಮೈಗೆ ಹತ್ತುವ ತಿಂಡಿ. ಓಟ್ಸ್ ಗಂಜಿ, ಮೊಳಕೆ ಕಾಳು, ಮೊಟ್ಟೆ, ಹಣ್ಣು. ಯಾವ ದಿನ ಯಾರ ಸರದಿ ಎಂದು ಒಂದು ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಪಟ್ಟಿ ಅಂಟಿದ ದಿನದಿಂದ ಮನೆಯವರಿಗೆಲ್ಲ ಸರದಿಯ ದಿನವೇ ತಲೆನೋವು, ಪರೀಕ್ಷೆ, ಅರ್ಜೆಂಟ್ ಹೊಲಿಗೆ. ಸಾಹೇಬರು ಮಾತ್ರ ತಮ್ಮ ಸರದಿಯ ದಿನ ನಿಯತ್ತಾಗಿ ಮೊಟ್ಟೆ ಬೇಯಲಿಟ್ಟು ಪೇಪರ್ ಓದುತ್ತ ಕೂತರು. ನೀರು ಇಂಗಿ, ಪಾತ್ರೆ ಕೆಂಪಾಗಿ, ಮೊಟ್ಟೆಗಳು ಒಂದೊಂದಾಗಿ ಢಮ್ಮೆಂದವು. ಮಹಡಿಯಲ್ಲಿ ಪಾಠ ಹೇಳುತ್ತಿದ್ದ ಪಿಟೀಲು ಮೇಷ್ಟ್ರು ಶಿಷ್ಯರನ್ನು ಕರೆದುಕೊಂಡು ಬೀದಿಗೆ ಓಡಿಬಂದರು. ಅಲ್ಲಿಗೆ ಪಟ್ಟಿಯ ಕತೆ ಮುಗಿಯಿತು.

ಆಮೇಲೆ ಒಂದು ತಿಂಗಳ ಹಿಂದೆ ಆದದ್ದು ಪವಾಡ. ಒಂದು ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ಹಬೆಯಾಡುವ ತಿಂಡಿ ತಯಾರಾಗಿ ಕೂತಿದೆ. ಮಾಡಿದವರು ಯಾರು? ನಾನಲ್ಲ ಎಂದಳು ದೊಡ್ಡವಳು. ನಾನಂತೂ ಅಲ್ಲವೇ ಅಲ್ಲ ಎಂದಳು ಚಿಕ್ಕವಳು. ಆಗ ಅತ್ತೆ ದನಿ ತಗ್ಗಿಸಿ, ತಾವು ಕಂಡದ್ದನ್ನು ಹೇಳಿದರು. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಅಳಿಯಂದಿರು ಅಡುಗೆಮನೆಯಿಂದ ಬರುತ್ತಿದ್ದರಂತೆ. ಕಣ್ಣು ಮುಚ್ಚಿತ್ತಂತೆ. ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡು, ಚೌಕಟ್ಟಿಗೆ “ಸಾರಿ” ಎಂದು ಹೇಳಿ, ಹೋಗಿ ಮಲಗಿಬಿಟ್ಟರಂತೆ.

ನಿದ್ದೆಯಲ್ಲೇ ಅಡುಗೆ ಮಾಡುತ್ತಿದ್ದಾರೆ ಎಂದು ಮನೆಯವರು ತೀರ್ಮಾನಿಸಿದರು. ಸಾಹೇಬರು ಮೊದಲು ನಗಾಡಿದರು. ಆದರೆ ಒಂದು ಕನಸು ಮಾತ್ರ ನಿಜವಾಗಿ ಬೀಳುತ್ತಿತ್ತು. ಗಂಟಲು ಕೆಟ್ಟು ಕೆಮ್ಮು ಹತ್ತಿದಾಗಿನಿಂದ ದಿನಾ ಅದೇ ಕನಸು. ಕತ್ತಲಲ್ಲಿ ಒಂದು ನೀಲಿ ಹೂವು ಮೆಲ್ಲನೆ ಅರಳುತ್ತದೆ, ತಾವು ಅದರ ಮುಂದೆ ಬರಿಗಾಲಲ್ಲಿ ನಿಂತಿದ್ದಾರೆ, ಎಲ್ಲೋ ಒಂದು ಕೆರೆ ಸಣ್ಣಗೆ ಹಾಡುತ್ತಿದೆ. ಅದನ್ನು ಹೆಂಡತಿಗೆ ಹೇಳಿದಾಗ ಅವಳು, “ಅದೇ ರೀ ಗ್ಯಾಸ್ ಒಲೆ. ಇನ್ನೇನು ಸಾಕ್ಷಿ ಬೇಕು ನಿಮಗೆ?” ಎಂದಳು.

ಅವತ್ತಿನಿಂದ ಮನೆಯಲ್ಲಿ ಅವರ ನಿದ್ದೆಗೆ ಎಲ್ಲಿಲ್ಲದ ಮರ್ಯಾದೆ ಬಂತು. ಒಂಬತ್ತಾಯಿತೆಂದರೆ ಟೀವಿಯ ಬಾಯಿ ಮುಚ್ಚುತ್ತಿತ್ತು. ಗೋಡೆ ನೋಡಿಕೊಂಡು ಮಾತಾಡುತ್ತಿದ್ದ ಅತ್ತೆ ಈಗ ಮುಖ ನೋಡಿ “ಅಳಿಯಂದಿರೇ” ಎನ್ನುತ್ತಿದ್ದರು. ಆರು ಗಂಟೆಗೆ ನಾಲ್ವರೂ ಒಟ್ಟಿಗೆ ಕೂತು, ಅವರಿಗೆ ಎಚ್ಚರವಾಗದಂತೆ ಪಿಸುಗುಟ್ಟುತ್ತ ಹತ್ತು ನಿಮಿಷ ತಿಂದು ಹೊರಡುತ್ತಿದ್ದರು. ಏಳಕ್ಕೆ ಸಾಹೇಬರು ಎದ್ದರೆ ಮುಚ್ಚಿಟ್ಟ ಬಟ್ಟಲು, ಖಾಲಿ ಕುರ್ಚಿಗಳು. ಮನೆಮಂದಿ ಕೂಡಿ ತಿನ್ನುವುದನ್ನು ನೋಡುವ ಭಾಗ್ಯ ತಿಂಡಿ ಮಾಡಿದವರಿಗೇ ಇರಲಿಲ್ಲ.

ಅದಕ್ಕೇ ಬೆಳಗ್ಗೆ ಒಂಬತ್ತಕ್ಕೆ ಶುರುವಾಗುವ ಆ ಡ್ಯೂಟಿ ಅವರಿಗೆ ಬೇಕಾಗಿತ್ತು, ಹೆಂಡತಿಗಿಂತ ಹೆಚ್ಚಾಗಿ ಬೇಕಾಗಿತ್ತು. ಹನ್ನೊಂದು ವರ್ಷದಿಂದ ಅವರು ಹೆಂಡತಿಯ ಮುಖವನ್ನು ಬೆಳಗಿನ ಬೆಳಕಿನಲ್ಲಿ ಕಣ್ತುಂಬ ನೋಡಿರಲಿಲ್ಲ. ಸಂಜೆ ನೋಡುತ್ತಿದ್ದದ್ದು ಎಂಟು ಗಂಟೆ ನಿಂತು ನಿಂತು ಬಾಡಿದ ಮುಖ. ಏಳೂವರೆಯ ಬಿಸಿಲು ಮೇಜಿನ ಮೇಲೆ ಬಿದ್ದಿರಬೇಕು, ಅವಳು ಎದುರು ಕೂತು ಗಂಜಿಯನ್ನು ಉಫ್ ಉಫ್ ಎಂದು ಊದಬೇಕು, ತಾವು ಸುಮ್ಮನೆ ನೋಡುತ್ತ ಕೂತಿರಬೇಕು. ಕೊಡೆಗಳಿಗೆ ಚೀಟಿ ಕಟ್ಟುವಾಗಲೂ ಅವರ ಕಣ್ಣ ಮುಂದೆ ತೇಲುತ್ತಿದ್ದುದು ಆ ಚಿತ್ರವೇ.

ಮೇಟ್ರನ್ ತಿಂಡಿ ಮೆಚ್ಚಿದರೆ ಡ್ಯೂಟಿ ಸಿಕ್ಕೀತು. ಈಗ ಅದೆಲ್ಲ ಒಂದು ರಾತ್ರಿಯ ನಿದ್ದೆಯ ಮೇಲೆ ನಿಂತಿತು.

ಬಾಗಿಲು ಹಾಕಿ ಬೀದಿಗಿಳಿದರೆ ಎದುರುಮನೆಯ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಗೇಟಿನಲ್ಲೇ ಕಾಯುತ್ತಿದ್ದರು. ಬೀದಿಗೆಲ್ಲ ವಿಷಯ ಆಗಲೇ ಮುಟ್ಟಿತ್ತು. ಅವರು ಸಾಹೇಬರ ಕೈಯಿಂದ ಬ್ಯಾಗು ಕಿತ್ತುಕೊಂಡು, ಇವತ್ತು ಭಾರ ಹೊರಬಾರದು, ಮೆದುಳಿಗೆ ರಕ್ತ ಏರುತ್ತದೆ ಎಂದು ತಾವೇ ಮೂಲೆಯವರೆಗೆ ಹೊತ್ತು ತಂದರು. ಮೂಲೆಯಲ್ಲಿ ಔಷಧಿ ಅಂಗಡಿಯವನು ಅವರ ಕಣ್ಣ ರೆಪ್ಪೆ ಎಳೆದು ನೋಡಿ, ಎಡಮಗ್ಗುಲಲ್ಲಿ ಮಲಗಿದರೆ ಗಂಜಿ ತೆಳ್ಳಗಾದೀತು, ಬಲಮಗ್ಗುಲೇ ಒಳ್ಳೆಯದು ಎಂದು ಸಲಹೆ ಕೊಟ್ಟ. ಟೀ ಅಂಗಡಿಯ ಮುಂದೆ ನಿಂತರೆ ಅಂಗಡಿಯಾತ ಲೋಟವನ್ನು ಬೋರಲು ಹಾಕಿದ.

“ಕೊಡಲ್ಲ ಸಾಹೇಬ್ರೆ. ನಿಮ್ಮತ್ತೆಯವರು ಬಂದು ಹೇಳಿ ಹೋಗಿದಾರೆ. ನೀವು ಟೀ ಕುಡಿದು ಎಚ್ಚರ ಇದ್ದು ಆಯಮ್ಮನ ಡ್ಯೂಟಿ ಹೋದ್ರೆ, ಆ ಪಾಪ ನನಗ್ಯಾಕೆ?”

ಟೀ ಇಲ್ಲದೆ ಕಚೇರಿಗೆ ಹೋದ ಸಾಹೇಬರಿಗೆ ಮಧ್ಯಾಹ್ನ ಎರಡರ ಹೊತ್ತಿಗೆ ಲೋಕವೇ ಹತ್ತಿಯಾಯಿತು. ಮಾಡಿನ ಗಾಜಿನಿಂದ ಬಿಸಿಲು ಕೋಲಾಗಿ ಇಳಿದು ಧೂಳಿನಲ್ಲಿ ತೂಗುತ್ತಿತ್ತು. ಕೊಡೆಗಳು ಸಾಲು ಸಾಲಾಗಿ ತಲೆಕೆಳಗಾಗಿ ನೇತಾಡುತ್ತಿದ್ದವು. ನೋಡುತ್ತ ನೋಡುತ್ತ ಅವು ಒಂದೊಂದೇ ಬಿಚ್ಚಿಕೊಂಡು, ಮಾಡನ್ನು ದಾಟಿ, ಯಾರದೂ ಅಲ್ಲದ ಆಕಾಶಕ್ಕೆ ತೇಲಿಹೋದವು. ಸಾಹೇಬರೂ ಒಂದರ ಹಿಡಿ ಹಿಡಿದುಕೊಂಡು ತೇಲಿದರು.

ಕಣ್ಣು ಬಿಟ್ಟಾಗ ಮೂರೂವರೆ. ಮೇಜಿನ ಮೇಲೆ ಫೈಲುಗಳು ಇರಲಿಲ್ಲ. ಬದಲಿಗೆ ಒಂದು ಮಣೆ, ಒಂದು ಚಾಕು, ಮೂರು ಈರುಳ್ಳಿ, ಒಂದು ಎಲೆಕೋಸು. ಚಾಕುವಿಗೆ ಅವರೇ ಕಟ್ಟಿದ್ದ ನಂಬರಿನ ಚೀಟಿ ಇನ್ನೂ ನೇತಾಡುತ್ತಿತ್ತು. ಸುತ್ತಲೂ ಕಚೇರಿಯ ಹನ್ನೊಂದು ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ಪಾರ್ಸೆಲ್ ಆಫೀಸಿನವರು ಕಿಟಕಿಯಲ್ಲಿ ನೇತಾಡುತ್ತಿದ್ದರು. ಕಳೆದ ಕೊಡೆ ಕೇಳಲು ಬಂದಿದ್ದ ಒಬ್ಬ ಹೆಂಗಸು, ಅವರನ್ನು ಎಬ್ಬಿಸಬೇಡಿ, ನನಗೇನು ಅವಸರವಿಲ್ಲ ಎಂದು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಳು.

ಸಾಹೇಬರು ಮೂಗು ತುರಿಸಿಕೊಂಡರು. “ಕೈ ಆಡಿಸಿದ್ರು,” ಎಂದು ಹೆಡ್ ಕ್ಲಾರ್ಕ್ ಪಿಸುಗುಟ್ಟಿದ. ಆಮೇಲೆ ಅವರ ಕಣ್ಣು ತೆರೆದಿರುವುದನ್ನು ಕಂಡು ಅವನ ಮುಖ ಪೆಚ್ಚಾಯಿತು.

“ಇದೇನ್ ಸಾಹೇಬ್ರೆ, ಒಂದೂವರೆ ಗಂಟೆ ಕಾದ್ವಿ. ಒಂದು ಈರುಳ್ಳಿನಾದ್ರೂ ಹೆಚ್ಚಬಾರದಿತ್ತಾ? ಮನೆಯವರಿಗೆ ಮಾತ್ರಾನಾ ನಿಮ್ಮ ವಿದ್ಯೆ?”

ಸಾಹೇಬರು ನಾಚಿಕೊಳ್ಳುವುದನ್ನೂ ಮರೆತು ಗಡಿಯಾರ ನೋಡಿದರು. ಒಂದೂವರೆ ಗಂಟೆ! ರಾತ್ರಿಗೆಂದು ಇದ್ದ ನಿದ್ದೆಯಲ್ಲಿ ಒಂದು ದೊಡ್ಡ ತುಂಡು ಇಲ್ಲೇ ಖರ್ಚಾಗಿಹೋಗಿತ್ತು.

ಆ ಸುದ್ದಿ ಅವರಿಗಿಂತ ಮುಂಚೆ ಮನೆ ತಲುಪಿತ್ತು. ಹೇಗೆ ತಲುಪಿತು ಎಂದು ಕೇಳುವ ಹಾಗಿಲ್ಲ. ಆ ಬೀದಿಯಲ್ಲಿ ಸುದ್ದಿಗೆ ಕಾಲಲ್ಲ, ರೆಕ್ಕೆ. ಹೆಡ್‌ಮಿಸ್ಟ್ರೆಸ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಹಗಲು ಮಲಗಿದ ದೇಹವನ್ನು ದಣಿಸದೆ ದಾರಿಯಿಲ್ಲ ಎಂದು ಅವರು ತೀರ್ಪು ಕೊಟ್ಟರು. ಶೂ ಬಿಚ್ಚಲೂ ಬಿಡದೆ ಸಾಹೇಬರನ್ನು ನೀರಿನ ಟ್ಯಾಂಕಿನ ಸುತ್ತ ಹನ್ನೊಂದು ಸುತ್ತು ಹಾಕಿಸಲಾಯಿತು. ಪಕ್ಕದಲ್ಲಿ ಔಷಧಿ ಅಂಗಡಿಯವನು ಗಡಿಯಾರ ನೋಡುತ್ತ ಓಡುತ್ತಿದ್ದ. ಎಂಟನೇ ಸುತ್ತಿಗೆ ಅವನೇ ಕಟ್ಟೆಯ ಮೇಲೆ ಕುಸಿದು, ಇನ್ನು ಮೂರು ನೀವೇ ಹಾಕಿ, ನಾನು ಇಲ್ಲಿಂದ ಎಣಿಸುತ್ತೇನೆ ಎಂದ.

ಏಳೂವರೆಗೆ ಅವರನ್ನು ಮುಂದಿನ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿದರು. ಯಾರ ಉಸಿರೂ ತಾಗಬಾರದಂತೆ. ಬಿಸಿ ಹಾಲಾಯಿತು, ಪಾದಕ್ಕೆ ಎಣ್ಣೆಯಾಯಿತು. ಮಹಡಿಯ ಪಿಟೀಲು ಮೇಷ್ಟ್ರು ಶಿಷ್ಯರನ್ನು ವಾಪಸ್ಸು ಕಳಿಸಿ, ಪಿಟೀಲಿಗೆ ಗವಸು ಹಾಕಿ, ತಾವೇ ಕೆಳಗೆ ಬಂದು ಕೂತರು. ಹೆಡ್‌ಮಿಸ್ಟ್ರೆಸ್ ತಮ್ಮ ಕಾಲದ ಶಾಲೆಯ ವಾರ್ಷಿಕ ವರದಿಗಳ ಕಟ್ಟು ತಂದರು. ಇಪ್ಪತ್ತೆರಡು ವರ್ಷದ ವರದಿ. ಅದನ್ನು ಕೇಳಿಯೂ ಎಚ್ಚರ ಇದ್ದ ಪ್ರಾಣಿಯನ್ನು ತಾವು ಕಂಡಿಲ್ಲವೆಂದು ಹೆಮ್ಮೆಯಿಂದಲೇ ಹೇಳಿ, ಓದಲು ಶುರುಮಾಡಿದರು.

ಬೆಂಚುಗಳ ದುರಸ್ತಿಯ ಹೊತ್ತಿಗೆ ಪಿಟೀಲು ಮೇಷ್ಟ್ರ ಗದ್ದ ಎದೆಗೆ ತಾಗಿತು. ಕುಡಿಯುವ ನೀರಿನ ವ್ಯವಸ್ಥೆ ಬರುವಾಗ ಅತ್ತೆ ಗೋಡೆಗೊರಗಿದರು. ಆಟೋಟಗಳ ಫಲಿತಾಂಶದ ನಡುವೆ ಔಷಧಿ ಅಂಗಡಿಯವನು ಹೊಸ್ತಿಲ ಮೇಲೆ ಉರುಳಿದ. ಎತ್ತರ ಜಿಗಿತದ ಮೂರನೇ ಬಹುಮಾನದಲ್ಲಿ ಹೆಡ್‌ಮಿಸ್ಟ್ರೆಸ್ಸರ ದನಿಯೇ ನಿಂತು, ಕನ್ನಡಕ ಮೂಗಿನ ತುದಿಗೆ ಜಾರಿತು. ಕೋಣೆಯ ತುಂಬ ಹಿತವಾದ ಉಸಿರು ಏರಿಳಿಯತೊಡಗಿತು. ಎಚ್ಚರ ಇದ್ದವರು ಒಬ್ಬರೇ. ಸಾಹೇಬರು ಮೆಲ್ಲನೆ ಎದ್ದು ಹೆಡ್‌ಮಿಸ್ಟ್ರೆಸ್ಸರ ಕನ್ನಡಕ ತೆಗೆದು ಮಡಿಚಿಟ್ಟರು. ಉಳಿದವರಿಗೆ ಇದ್ದಬದ್ದ ಹೊದಿಕೆ ಹೊದಿಸಿದರು. ಎತ್ತರ ಜಿಗಿತದ ಮೊದಲ ಬಹುಮಾನ ಯಾರಿಗೆ ಬಂತೆಂದು ವರದಿಯಲ್ಲಿ ಹುಡುಕಿ ಓದಿಕೊಂಡರು. ಆಮೇಲೆ ಬಂದು ಮಲಗಿದರು.

ಹೆಂಡತಿ ಒಳಗೆ ಬಂದು ನೆರೆಹೊರೆಯವರನ್ನೆಲ್ಲ ತಟ್ಟಿ ಎಬ್ಬಿಸಿ ಕಳಿಸಿದಳು. ದೀಪ ಆರಿಸುವ ಮುಂಚೆ ಹಾಸಿಗೆಯ ಅಂಚಿಗೆ ಒಂದು ಗಳಿಗೆ ಕೂತಳು.

“ಭಯ ಆಗ್ತಿದೆಯಾ ರೀ?”

“ಇಲ್ಲ.”

“ಸುಳ್ಳು. ನಿಮ್ಮ ಹೆಬ್ಬೆರಳು ಕುಣೀತಿದೆ.” ಅವಳು ಆ ಹೆಬ್ಬೆರಳನ್ನು ಹೊದಿಕೆಯೊಳಗೆ ತಳ್ಳಿದಳು. “ನನಗೆ ಆ ಡ್ಯೂಟಿ ಯಾಕೆ ಬೇಕು ಗೊತ್ತಾ? ರೆಸ್ಟಿಗಲ್ಲ. ನೀವು ಮಾಡಿದ್ದನ್ನ ದಿನಾ ನಾವು ತಿಂದು ಓಡ್ತೀವಿ. ಒಂದು ದಿನ ನಿಮಗೆ ಬಡಿಸಬೇಕು ಅಂತ ಆಸೆ. ಅಷ್ಟೇ.”

ಇಷ್ಟು ಹೇಳಿ ಅವಳು ಎದ್ದು ಹೋದಳು. ಅರೆನಿದ್ದೆ ಬಂದಿದ್ದರೂ ಅದು ಆ ಮಾತು ಕೇಳಿ ಓಡಿಹೋಗುತ್ತಿತ್ತು.

ರಾತ್ರಿಯ ವಿಷಯ ಹೇಳುವಂಥದ್ದೇನಿಲ್ಲ. ಬಲಮಗ್ಗುಲು, ಎಡಮಗ್ಗುಲು, ಮತ್ತೆ ಬಲಮಗ್ಗುಲು. ನಾಲ್ಕೂವರೆ ಆದಾಗ ಸಾಹೇಬರ ಕಣ್ಣು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಇನ್ನು ಒಂದೂವರೆ ಗಂಟೆಯಲ್ಲಿ ಮೇಟ್ರನ್ ಬರುತ್ತಾರೆ, ಮೇಜು ಖಾಲಿ ಇರುತ್ತದೆ. ನಿದ್ದೆ ಬಾರದಿದ್ದರೆ ಏನಾಯಿತು? ನಿದ್ದೆಯಲ್ಲಿ ಮಾಡಬಲ್ಲ ಕೈಗಳು ಇವೇ ತಾನೇ? ಎಚ್ಚರದಲ್ಲಿ ಅವನ್ನು ಒಲೆಯ ಮುಂದೆ ಬಿಟ್ಟರೆ ದಾರಿ ಅವುಗಳಿಗೇ ನೆನಪಾದೀತು.

ಬರಿಗಾಲಲ್ಲಿ ಅಡುಗೆಮನೆಗೆ ನಡೆದರು. ಮನೆ ನೀರಿನೊಳಗೆ ಮುಳುಗಿದ ಹಾಗಿತ್ತು. ಕಿಟಕಿಯಾಚೆ ಬೀದಿ ಬೂದು ಬಣ್ಣದ ಹಾಲಿನಲ್ಲಿ ತೇಲುತ್ತಿತ್ತು. ಒಲೆ ಹೊತ್ತಿಸಿದರು. ಕತ್ತಲಲ್ಲಿ ನೀಲಿ ಹೂವು ಮೆಲ್ಲನೆ ಅರಳಿತು. ಅದೇ ಹೂವು. ಪಾತ್ರೆಯಲ್ಲಿ ನೀರು ತುಂಬಿ ಅದರ ಮೇಲಿಟ್ಟರು. ಒಂದು ಗಳಿಗೆಯಲ್ಲಿ ಕೆರೆ ಹಾಡಲು ಶುರುಮಾಡಿತು. ಕೈಗಳು ಇಷ್ಟನ್ನೂ ಹೇಳಿಕೊಡದೆ ಮಾಡಿದವು.

ಆಮೇಲೆ ನಿಂತುಬಿಟ್ಟವು.

ಓಟ್ಸ್ ಎಲ್ಲಿ? ಒಂದು ಡಬ್ಬಿ ತೆಗೆದರೆ ಅಕ್ಕಿ, ಇನ್ನೊಂದರಲ್ಲಿ ಅತ್ತೆಯ ದಾರದುಂಡೆಗಳು, ಮೂರನೆಯದರಲ್ಲಿ ಮೊಳೆ. ನಾಲ್ಕು ಸಾವಿರ ಕೊಡೆಗಳನ್ನು ಆಳುವ ಮನುಷ್ಯ ಹದಿನಾಲ್ಕು ಡಬ್ಬಿಗಳ ಮುಂದೆ ಬೆವರಿದರು. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ನಿದ್ದೆಯಲ್ಲಿರಬೇಕಾದವರು ಎಚ್ಚರ ಇರುವುದನ್ನು ಕಂಡರೆ ಮುಗಿಯಿತು. ಸಾಹೇಬರು ಹೊಟ್ಟೆ ಎಳೆದುಕೊಂಡು ಫ್ರಿಜ್ಜಿನ ಹಿಂದೆ, ಪೊರಕೆಗಳ ನಡುವೆ ಸೇರಿಕೊಂಡರು.

ಬಂದವರು ಅತ್ತೆ. ಒಬ್ಬರೇ ಇದ್ದಾಗ ತಮ್ಮೊಡನೆ ತಾವೇ ಮಾತಾಡಿಕೊಳ್ಳುವುದು ಅವರ ಅಭ್ಯಾಸ. ಪಾತ್ರೆಯೊಳಗೆ ಇಣುಕಿ ತಲೆಯಾಡಿಸಿದರು.

“ಪಾಪ, ಇವತ್ತೂ ನೀರಿಟ್ಟು ಹೋಗಿ ಮಲಗಿದಾರೆ. ಓಟ್ಸ್ ಒಂದು ಹಾಕಿಟ್ರೆ ಮಿಕ್ಕಿದ್ದೆಲ್ಲ ಎದ್ದು ಬಂದು ಅವರೇ ಮಾಡ್ಕೋತಾರೆ.” ಎಲ್ಲಿಂದಲೋ ಒಂದು ಡಬ್ಬಿ ಎಳೆದು ಎರಡು ಹಿಡಿ ಸುರಿದರು. “ಬಾಯಿ ಬಿಡಬಾರದಪ್ಪ. ನಾನು ಒಲೆ ಮುಟ್ಟಿದೆ ಅಂತ ಗೊತ್ತಾದ್ರೆ ಆ ಪಟ್ಟಿ ತಂದು ನನ್ನ ಕೊರಳಿಗೇ ಕಟ್ತಾಳೆ ಮಗಳು.”

ಅತ್ತೆ ಸ್ನಾನಕ್ಕೆ ಹೋದರು. ಸಾಹೇಬರು ಕಾಲು ಹೊರಗಿಡುವಷ್ಟರಲ್ಲಿ ಹೆಂಡತಿ ಬಂದಳು, ಅರ್ಧ ಹೆಣೆದ ಜಡೆಯನ್ನು ಹಲ್ಲಲ್ಲಿ ಕಚ್ಚಿಕೊಂಡು. ಗಂಜಿಯನ್ನು ತಿರುವಿದಳು, ಹಾಲು ಹೊಯ್ದಳು, ಬಾದಾಮಿ ಜಜ್ಜಿ ಹಾಕಿದಳು. ಇಷ್ಟೆಲ್ಲ ಮಾಡ್ತಾರೆ, ಹಾಲೊಂದು ದಿನಾ ಮರೀತಾರೆ ಎಂದು ಗೊಣಗಿ, ಯಾರಾದರೂ ನೋಡಿದರೇನೋ ಎಂದು ಹಿಂದೆ ಮುಂದೆ ನೋಡಿ, ಒಲೆ ಸಣ್ಣಗೆ ಮಾಡಿ ಜಾರಿಕೊಂಡಳು. ಅವಳ ಬೆನ್ನಿಗೆ ದೊಡ್ಡವಳು. ಅವಳು ಮೊಟ್ಟೆ ಬೇಯಲಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಾಕಿದ್ದ ಮೊಳಕೆ ಕಾಳನ್ನು ಬಿಚ್ಚಿದಳು. ಆ ಕಾಳನ್ನು ನೆನೆಹಾಕುತ್ತಿದ್ದವಳೂ ಅವಳೇ ಎಂದಾಯಿತು. ಅಪ್ಪ ಮೊಟ್ಟೆ ಕಂಡರೆ ಇನ್ನೂ ಹೆದರುತ್ತಾರೆ, ಅದಕ್ಕೇ ಬಿಟ್ಟಿದ್ದಾರೆ ಎಂದು ಅವಳು ಬಗೆದಂತಿತ್ತು. ತುಟಿಯಲ್ಲಿ ಸಣ್ಣ ನಗು ಇತ್ತು.

ಕೊನೆಗೆ ಚಿಕ್ಕವಳು, ಇನ್ನೂ ಕಣ್ಣು ತೆರೆಯದೆ ಬಂದಳು. ಒಲೆ ಆರಿಸಿದಳು, ಮೊಟ್ಟೆ ಸುಲಿದಳು, ಹಣ್ಣು ಹೆಚ್ಚಿದಳು, ಬಟ್ಟಲು ಜೋಡಿಸಿದಳು. ಒಂದು ಚಮಚ ಕೈತಪ್ಪಿ ಬಿದ್ದು ಉರುಳುತ್ತ ಫ್ರಿಜ್ಜಿನ ಹಿಂದೆ ಬಂತು. ಸಾಹೇಬರು ಕಾಲ್ಬೆರಳಿನಿಂದ ಅದನ್ನು ಮೆಲ್ಲನೆ ಹೊರಗೆ ತಳ್ಳಿದರು. ಅವಳು ನಿದ್ದೆಗಣ್ಣಲ್ಲೇ ಫ್ರಿಜ್ಜಿಗೆ “ಥ್ಯಾಂಕ್ಸ್” ಹೇಳಿ ಚಮಚ ಎತ್ತಿಕೊಂಡು ಹೋದಳು.

ಸಾಹೇಬರು ಮುಂದಿನ ಕೋಣೆಗೆ ಹಾರಿಬಂದು ಹಾಸಿಗೆಗೆ ಬಿದ್ದಾಗ ಕಿವಿಯಲ್ಲಿ ಜೇಡರಬಲೆ ಇತ್ತು, ತಲೆಯಲ್ಲಿ ಗಿರಿಗಿರಿ. ತಾವು ಬೇಯಿಸಿದ್ದು ಒಂದು ಕಾಳೂ ಅಲ್ಲ. ಗಂಟಲು ಕೆಟ್ಟದ್ದಕ್ಕೆ ನಿದ್ದೆಗಣ್ಣಲ್ಲಿ ಎದ್ದು ಬಿಸಿನೀರಿಗಿಟ್ಟು, ಇಟ್ಟದ್ದನ್ನೇ ಮರೆತು ಮಲಗುತ್ತಿದ್ದರು. ಅಷ್ಟೇ ಅವರ ಪವಾಡ. ಉಳಿದದ್ದನ್ನು ಮಾಡುತ್ತಿದ್ದವರು ಆ ನಾಲ್ವರು. ಎಲ್ಲವನ್ನೂ ಅವರು ಮಾಡಿದ್ದಾರೆ, ನಾನು ಇಷ್ಟೇ ಇಷ್ಟು ಸರಿಮಾಡುತ್ತಿದ್ದೇನೆ ಎಂದು ಪ್ರತಿಯೊಬ್ಬರೂ ನಂಬಿದ್ದರು. ಸರದಿಯ ಪಟ್ಟಿಗೆ ಹೆದರಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಮೊದಲು ಅವರಿಗೆ ಅವಮಾನವಾಯಿತು. ಆಮೇಲೆ ಹೊದಿಕೆಯೊಳಗೆ ನಗು ಬಂತು. ಪಟ್ಟಿ ಬರೆದು ಅಂಟಿಸಿದರೆ ಓಡಿಹೋಗುತ್ತಿದ್ದವರು ಗುಟ್ಟಾಗಿ, ಒಬ್ಬರಿಗೊಬ್ಬರು ತಿಳಿಯದೆ, ಒಬ್ಬರ ಹೊಟ್ಟೆಗೆ ಇನ್ನೊಬ್ಬರು ಹಾಕುತ್ತಿದ್ದರು. ಇದನ್ನು ಹೆಂಡತಿಗೆ ಹೇಳಲೇಬೇಕು. ಆದರೆ ಈಗಲ್ಲ. ಡ್ಯೂಟಿ ಸಿಗಲಿ, ಏಳೂವರೆಯ ಬಿಸಿಲು ಮೇಜಿನ ಮೇಲೆ ಬೀಳಲಿ, ಅವಳು ಬಡಿಸಲಿ. ಆಗ ಹೇಳಬೇಕು.

ಸರಿಯಾಗಿ ಆರಕ್ಕೆ ಮೇಟ್ರನ್ನರ ಬೂಟು ಹೊಸ್ತಿಲಲ್ಲಿ ಟಕ್ಕೆಂದಿತು. ಅವರು ಮೊದಲು ನೋಡಬೇಕೆಂದದ್ದು ತಿಂಡಿಯನ್ನಲ್ಲ, ಮಾಡಿದವರನ್ನು. ಬಾಗಿಲು ಮೆಲ್ಲನೆ ತೆರೆಯಿತು. ಸ್ಪಿರಿಟ್ಟಿನ ವಾಸನೆ ಹತ್ತಿರ ಬಂತು. ತಣ್ಣನೆಯ ಎರಡು ಬೆರಳು ಸಾಹೇಬರ ಮಣಿಕಟ್ಟು ಹಿಡಿದವು. ಫ್ರಿಜ್ಜಿನ ಹಿಂದಿನಿಂದ ಓಡಿಬಂದ ನಾಡಿ ಇನ್ನೂ ಕುದುರೆಯ ಹಾಗೆ ಹಾರುತ್ತಿತ್ತು.

“ನೂರಾ ಹದಿನೆಂಟು,” ಎಂದರು ಮೇಟ್ರನ್, ಮೆತ್ತಗೆ. “ಪಾಪ, ಈಗಷ್ಟೇ ಕೆಲಸ ಮುಗಿಸಿ ಬಂದು ಮಲಗಿದಾರೆ. ಯಾರೂ ಎಬ್ಬಿಸಬೇಡಿ.”

ಬಾಗಿಲು ಅರ್ಧ ತೆರೆದೇ ಉಳಿಯಿತು. ಸಾಹೇಬರು ಕಣ್ಣು ಮುಚ್ಚಿ ಕಿವಿ ಬಿಟ್ಟರು. ಕುರ್ಚಿಗಳನ್ನು ಎಳೆದ ಸದ್ದು, ಚಮಚಗಳ ಕಿಣಿಕಿಣಿ. ಮೇಟ್ರನ್ ಎರಡನೇ ಸಲ ಹಾಕಿಸಿಕೊಂಡರು. ಈ ವಯಸ್ಸಿನ ಹುಡುಗಿಯರ ಮುಖದಲ್ಲಿ ಇಂಥ ಕಳೆ ನಾನು ನೋಡಿಲ್ಲ, ವಾರ್ಡಿನ ರೋಗಿಗಳಿಗೂ ಇದೇ ತಿಂಡಿ ಬರೆಸುತ್ತೇನೆ ಎಂದರು. ಅತ್ತೆ, ಎಲ್ಲ ನಮ್ಮ ಅಳಿಯಂದಿರ ಕೈಗುಣ ಎಂದರು. ಆ ದನಿಯಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ, ಅವರು ಅದನ್ನು ನಂಬಿದ್ದರು. ಸಾಹೇಬರು ಹೊದಿಕೆಯೊಳಗೆ ಎರಡೂ ಮುಷ್ಟಿ ಬಿಗಿಹಿಡಿದರು. ಆಯಿತು. ಗೆದ್ದೆವು.

ಮೇಟ್ರನ್ ಬಾಯಿ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

“ನೋಡಮ್ಮ, ನಿನ್ನೆಯವರೆಗೂ ನನಗೆ ತೀರ್ಮಾನ ಮಾಡೋಕಾಗಿರಲಿಲ್ಲ. ಒಂಬತ್ತು ಗಂಟೆ ಡ್ಯೂಟಿ ಇರೋದು ಒಂದೇ, ಕೇಳ್ತಿರೋರು ನೀವಿಬ್ಬರು. ಕಣ್ಣಾರೆ ನೋಡಿದ ಮೇಲೆ ಮನಸ್ಸು ಹಗುರಾಯ್ತು. ನಿನ್ನ ಮನೇಲಿ ನೀನು ನಾಲ್ಕು ಗಂಟೆಗೆ ಹೊರಟರೂ ಬೆಳಗಿನ ಚಿಂತೆ ಇಲ್ಲ ಬಿಡು. ಇಂಥ ಗಂಡ ಯಾರಿಗುಂಟು? ಆ ಡ್ಯೂಟಿ ಮಕ್ಕಳ ವಾರ್ಡಿನವಳಿಗೆ ಕೊಡ್ತೀನಿ. ಅವಳ ಗಂಡನಿಗೆ ಎಚ್ಚರ ಇದ್ದರೂ ಒಂದು ಪಾತ್ರೆ ನೀರು ಕಾಯಿಸೋಕೆ ಬರಲ್ಲವಂತೆ. ನೀನು ಬೆಳಗಿನ ಪಾಳೀಲೇ ಇರು. ನಿನಗೇನಮ್ಮ ಯೋಚನೆ?”

ಸಾಹೇಬರ ಬಾಯಿ ತಾನಾಗಿ ತೆರೆಯಿತು. ಅಯ್ಯೋ ತಾಯಿ, ನನಗೂ ಅಷ್ಟೇ ಬರೋದು, ಒಂದು ಪಾತ್ರೆ ನೀರು ಕಾಯಿಸೋದು, ಅದಕ್ಕಿಂತ ಹೆಚ್ಚಿಗೆ ಒಂದು ಚೂರೂ ಬರಲ್ಲ ಎಂದು ಕೂಗಬೇಕೆನಿಸಿತು. ಆದರೆ ನಿದ್ದೆಯಲ್ಲಿರುವವರು ಕೂಗುವುದು ಹೇಗೆ? ಕೂಗಿದರೆ ಆ ನಾಲ್ವರ ಎದುರು ನಿಜವೆಲ್ಲ ಬಯಲಾಗಿ, ನಾಳೆಯಿಂದ ಮತ್ತೆ ಬನ್ನು. ತೆರೆದ ಬಾಯಿಯನ್ನು ಅವರು ನಿಧಾನವಾಗಿ ಮುಚ್ಚಿದರು.

ಬೂಟುಗಳು ಹೋದವು. ಮಕ್ಕಳು ಹೋದರು, ಅತ್ತೆ ಹೋದರು. ಆರೂವರೆಗೆ ಐದು ನಿಮಿಷ ಇದ್ದಾಗ ಹೆಂಡತಿ ಕೋಣೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಕಿಟಕಿಯ ಪರದೆಯನ್ನು ಯಾರೋ ಸರಿಸಿದ್ದರು. ರೆಪ್ಪೆಯ ಮೇಲೆ ಬೆಚ್ಚನೆಯ ಕೆಂಪು ಬಿತ್ತು. ಬಿಸಿಲು ಬಂದಿತ್ತು. ಅದೇ ಬಿಸಿಲು ಈಗ ಅವಳ ಮುಖದ ಮೇಲೂ ಬಿದ್ದಿರಬೇಕು, ಒಂದು ಮೊಳ ದೂರದಲ್ಲಿ.

“ನಿಮ್ಮದೇನೂ ತಪ್ಪಿಲ್ಲ ರೀ,” ಎಂದಳು ಅವಳು, ಕೇಳಿಸಲಾರದೆಂದು ತಿಳಿದು. “ನೀವು ತುಂಬ ಚೆನ್ನಾಗಿ ಮಾಡಿದ್ರಿ. ಮಲಗಿ.”

ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಅವರ ಕಿವಿಯ ಹತ್ತಿರ ಏನನ್ನೋ ಕಂಡು ಬೆರಳಿಂದ ತೆಗೆದು, ಅವಳು ಹಾಗೇ ಕೂತಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಅವಳಿಗೇನಾದರೂ ಅನುಮಾನ ಬಂತೋ ಏನೋ. ಹದಿನೇಳು ವರ್ಷದ ಸಂಸಾರದಲ್ಲಿ ಎಂದೂ ಪಡದಷ್ಟು ಕಷ್ಟಪಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೊಡೆ ಸಾಹೇಬರು ಸಣ್ಣದೊಂದು ಗೊರಕೆ ಹೊಡೆದರು.